ಮಿಲಾನೊದ ಹಳೇ ಲಿವರ್ ಮಷೀನು, ಬೆಂಗಳೂರಿನ ಅಡುಗೆಮನೆ: ಒಂದು ಪ್ರಕರಣ ಅಧ್ಯಯನ

ಲಾ ಪಾವೋನಿ ಯುರೋಪಿಕೋಲಾ ಮನೆಯಲ್ಲೇ ಎಸ್ಪ್ರೆಸೊ, ಅಂದರೆ ಒತ್ತಡದಲ್ಲಿ ಇಳಿಸುವ ಗಟ್ಟಿ ಇಟಾಲಿಯನ್ ಕಾಫಿ, ಮಾಡಿಕೊಳ್ಳಲೆಂದು ಹುಟ್ಟಿದ ಪುಟ್ಟ ಯಂತ್ರ. ಇದರಲ್ಲಿ ಪಂಪ್ ಇಲ್ಲ, ಎಲೆಕ್ಟ್ರಾನಿಕ್ ಬೋರ್ಡ್ ಇಲ್ಲ. ಒಂದು ಹಿತ್ತಾಳೆ ಬಾಯ್ಲರ್, ಅದರೊಳಗೆ ಹೀಟರ್, ಮುಂದೆ ಪಿಸ್ಟನ್ ಇರುವ ದಪ್ಪನೆಯ ಲೋಹದ ಗ್ರೂಪ್ (ಕಾಫಿ ಇಳಿಯುವ ಭಾಗ), ಅದಕ್ಕೊಂದು ಉದ್ದನೆಯ ಲಿವರ್. ಅಷ್ಟೇ. 1960ರ ದಶಕದ ಶುರುವಿನಲ್ಲಿ ಬಂದ ಈ ಮಾದರಿ ಇವತ್ತಿಗೂ ತಯಾರಾಗುತ್ತಿದೆ. ಮೂಲ ರೂಪ ಅಷ್ಟೇನೂ ಬದಲಾಗಿಲ್ಲ. ಹಾಗಾಗಿ ನಲವತ್ತು ವರ್ಷದ ಹಳೇ ಮಷೀನಿಗೂ ಸೀಲು, ವಾಷರ್ ಸಿಗುತ್ತವೆ. ಹಳೇ ಯಂತ್ರ ಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇರೆ ಇಲ್ಲ.

ನನ್ನ ಅಕ್ಕ, ಭಾವ ಕೆಲಸದ ಮೇಲೆ ಕೆಲವು ವರ್ಷ ಮಿಲಾನೊದಲ್ಲಿದ್ದರು. ಬೆಂಗಳೂರಿಗೆ ವಾಪಸಾಗುವ ಮುಂಚೆ ಅಲ್ಲಿಂದ ಒಂದು ಯುರೋಪಿಕೋಲಾ ತರಬೇಕು ಅನ್ನುವುದು ಭಾವನ ಆಸೆ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಹಾಗಾಗಿ ಆಯ್ಕೆ ಮಾಡುವಾಗ ವಿಡಿಯೊ ಕರೆಯಲ್ಲಿ ನಾನಿದ್ದೆ. ಮಷೀನು ಇಲ್ಲಿಗೆ ಬಂದ ಮೇಲೆ ಬಿಚ್ಚಿ ಜೋಡಿಸಿದ್ದೂ ನಾನೇ. ಇದನ್ನು ಬರೆಯಲು ಒಂದು ಕಾರಣವಿದೆ. ಹಳೇ ಮಷೀನು ಕೊಳ್ಳುವವರು ಮೊದಲು ಹೊಳಪು ನೋಡುತ್ತಾರೆ, ತಂದ ತಕ್ಷಣ ಕಾಫಿ ಮಾಡಲು ಹೊರಡುತ್ತಾರೆ, ರುಚಿ ಸರಿಬರದಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಾರೆ. ನನ್ನ ಪ್ರಕಾರ ಇದಕ್ಕೊಂದು ಕ್ರಮವಿದೆ. ಮೊದಲು ಕರೆಂಟು, ಆಮೇಲೆ ಸೀಲುಗಳು, ಆಮೇಲೆ ಬಿಸಿ, ಕೊನೆಗೆ ಪುಡಿ. ಈ ಕ್ರಮ ಬಿಟ್ಟರೆ ಯಾವ ತೊಂದರೆ ಎಲ್ಲಿಂದ ಬಂತು ಅನ್ನುವುದೇ ತಿಳಿಯುವುದಿಲ್ಲ.

ಲಿವರ್ ಯಾಕೆ ಬಂತು

ಇದನ್ನು ತಿಳಿದುಕೊಂಡರೆ ಮಷೀನಿನ ಅರ್ಧ ಸ್ವಭಾವ ಗೊತ್ತಾಗುತ್ತದೆ. ಕಾಫಿಗಾಗಿ ಹಬೆಯ ಒತ್ತಡ ಬಳಸುವ ಯಂತ್ರಕ್ಕೆ 1884ರಲ್ಲಿ ತೂರಿನ್ ನಗರದ ಆಂಜೆಲೊ ಮೊರಿಯೊಂಡೊ ಪೇಟೆಂಟ್ ಪಡೆದರು. 1901ರಲ್ಲಿ ಮಿಲಾನೊದ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಕಪ್ ಮಾಡುವ ರೂಪಕ್ಕೆ ತಂದರು. ಆ ಪೇಟೆಂಟನ್ನು ಕೊಂಡು ವ್ಯಾಪಾರಕ್ಕಿಳಿಸಿದವರು ದೆಸಿದೇರಿಯೊ ಪಾವೋನಿ. ಅವರ ಕಂಪನಿ ಶುರುವಾದದ್ದು 1905ರಲ್ಲಿ. ಆ ಯಂತ್ರಗಳಲ್ಲಿ ಒಂದು ಸಮಸ್ಯೆ ಇತ್ತು. ಒತ್ತಡ ಬರುತ್ತಿದ್ದದ್ದು ಬಾಯ್ಲರ್‌ನ ಹಬೆಯಿಂದಲೇ. ಒತ್ತಡ ಜಾಸ್ತಿ ಬೇಕಿದ್ದರೆ ನೀರನ್ನೂ ಜಾಸ್ತಿ ಕಾಯಿಸಬೇಕು, ಆಗ ಪುಡಿ ಸುಟ್ಟ ರುಚಿ ಬರುತ್ತದೆ. ಅಕಿಲೆ ಗಾಜಿಯಾ ಎರಡನೇ ಮಹಾಯುದ್ಧ ಮುಗಿದ ಮೇಲೆ ಲಿವರ್ ಮತ್ತು ಪಿಸ್ಟನ್ ಇರುವ ಯಂತ್ರ ತಂದು ಈ ಗಂಟನ್ನು ಬಿಡಿಸಿದರು. ಬಾಯ್ಲರ್ ಕಾಯಿಸುವುದಕ್ಕೆ, ಒತ್ತುವುದಕ್ಕೆ ಪಿಸ್ಟನ್. ಒತ್ತಡ, ಬಾರ್ ಎಂಬ ಅಳತೆಯಲ್ಲಿ ಹೇಳುವುದಾದರೆ, ಒಂದೂವರೆ ಬಾರ್‌ನ ಆಸುಪಾಸಿನಿಂದ ಎಂಟು ಒಂಬತ್ತು ಬಾರ್‌ಗೆ ಏರಿತು. ಕಪ್ಪಿನ ಮೇಲೆ ಆ ಕಂದು ನೊರೆ, ಅಂದರೆ ಕ್ರೆಮಾ, ಕಾಣಿಸಿಕೊಂಡದ್ದು ಆಗಲೇ.

ಯುರೋಪಿಕೋಲಾದಲ್ಲಿ ಪಿಸ್ಟನ್ ಒತ್ತಲು ಸ್ಪ್ರಿಂಗ್ ಕೂಡ ಇಲ್ಲ. ಒತ್ತುವುದು ನಮ್ಮ ಕೈಯೇ. ಲಿವರ್ ಮೇಲೆತ್ತಿದಾಗ ಬಾಯ್ಲರ್‌ನ ಬಿಸಿನೀರು ಗ್ರೂಪಿನೊಳಗೆ ನುಗ್ಗುತ್ತದೆ. ಕೆಳಗೆ ಒತ್ತಿದಾಗ ಪಿಸ್ಟನ್ ಆ ನೀರನ್ನು ಪುಡಿಯ ಮೂಲಕ ಹಾಯಿಸುತ್ತದೆ. ಬಾಯ್ಲರ್‌ನಲ್ಲಿ 0.8 ಬಾರ್ ಒತ್ತಡವಿದ್ದರೆ ಒಳಗಿನ ನೀರು ಸುಮಾರು 116 ಡಿಗ್ರಿ. ಕಾಫಿಗೆ ಬೇಕಾದದ್ದು 90ರಿಂದ 94. ನಡುವಿನ ಈ ಇಪ್ಪತ್ತು ಚಿಲ್ಲರೆ ಡಿಗ್ರಿಯನ್ನು ಇಳಿಸುವುದು ಗ್ರೂಪಿನ ಲೋಹ. ಅದು ತಣ್ಣಗಿದ್ದರೆ ನೀರು ಜಾಸ್ತಿ ಆರುತ್ತದೆ, ಕಾದಿದ್ದರೆ ಆರುವುದೇ ಇಲ್ಲ. ಈ ಮಷೀನಿನ ಎಲ್ಲಾ ಸುಖ, ಎಲ್ಲಾ ತಾಪತ್ರಯ ಇಲ್ಲೇ ಇದೆ.

ಕೊಳ್ಳುವಾಗ ನೋಡಿದ್ದು

ಮಿಲಾನೊದ ನವಿಲ್ಯೊ ಗ್ರಾಂದೆ ಕಾಲುವೆ ದಡದಲ್ಲಿ ತಿಂಗಳ ಕೊನೆಯ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ. ಭಾವನಿಗೆ ಮಷೀನು ಸಿಕ್ಕಿದ್ದು ಅಲ್ಲಿ. ಕೇಳಿದ ಬೆಲೆ 280 ಯೂರೊ, ಕೊನೆಗೆ ಕುದುರಿದ್ದು 220ಕ್ಕೆ. ಸಂತೆಯಲ್ಲಿ ಕರೆಂಟ್ ಇರಲಿಲ್ಲ. ಕಾಯಿಸಿ ನೋಡಲು ಆಗುವುದಿಲ್ಲ. ಹಾಗಂತ ಸುಮ್ನೆ ಕಣ್ಣಂದಾಜಿನಲ್ಲಿ ಕೊಳ್ಳಬೇಕಾಗಿಲ್ಲ. ತಣ್ಣಗಿರುವ ಮಷೀನು ಕೂಡ ಸಾಕಷ್ಟು ಹೇಳುತ್ತದೆ.

"ಭಾವ, ಮೊದಲು ತಲೆಕೆಳಗು ಮಾಡಿ ತಳ ತೋರಿಸಿ" ಅಂದೆ. ಕ್ರೋಮಿನ ಹೊಳಪು ಆಮೇಲೆ. ಯುರೋಪಿಕೋಲಾದ ತಳಭಾಗದಲ್ಲಿ ಸಾಮಾನ್ಯವಾಗಿ ತಯಾರಾದ ತಾರೀಖಿನ ಗುರುತು ಇರುತ್ತದೆ. ಇದರದ್ದು 1983. ಈ ಒಂದು ಗುರುತಿಗೆ ತುಂಬಾ ಬೆಲೆ ಇದೆ, ಯಾಕೆಂದರೆ 2000ದ ಸುಮಾರಿಗೆ ಕಂಪನಿ ಗ್ರೂಪಿನ ಅಳತೆ ಬದಲಿಸಿತು. ಅದಕ್ಕಿಂತ ಹಳೇದಕ್ಕೆ 49 ಮಿಲಿಮೀಟರಿನ ಬಾಸ್ಕೆಟ್ (ಪುಡಿ ತುಂಬುವ ಬಟ್ಟಲು), ಹೊಸದಕ್ಕೆ 51. ಸೀಲುಗಳು, ಪುಡಿ ಒತ್ತುವ ಟ್ಯಾಂಪರ್, ಬಾಸ್ಕೆಟ್ ಹಿಡಿಯುವ ಹಿಡಿಕೆಯಾದ ಪೋರ್ಟಾಫಿಲ್ಟರ್, ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ವರ್ಷ ಗೊತ್ತಿಲ್ಲದೆ ಬಿಡಿಭಾಗ ತರಿಸಿದರೆ ದುಡ್ಡು ದಂಡ.

ಎರಡನೆಯದು ವೋಲ್ಟೇಜ್. ಫಲಕದಲ್ಲಿ 220 ಅಂತ ಇತ್ತು. ಅಮೆರಿಕಕ್ಕೆಂದು ಮಾಡಿದ 110 ವೋಲ್ಟಿನ ಮಷೀನುಗಳೂ ಹಳೇ ಸಾಮಾನಿನ ಪೇಟೆಯಲ್ಲಿ ತಿರುಗುತ್ತಿರುತ್ತವೆ. ಅಂಥದ್ದನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಹೀಟರು ನಾಲ್ಕು ಪಟ್ಟಿಗೂ ಮೀರಿ ವಾಟ್ ಉರಿಸಿ ಸುಟ್ಟೇ ಹೋಗುತ್ತದೆ.

ಮೂರನೆಯದು ಮಲ್ಟಿಮೀಟರ್, ಅಂದರೆ ವೋಲ್ಟೇಜ್, ತಡೆ ಅಳೆಯುವ ಪುಟ್ಟ ಮೀಟರ್. ಭಾವ ಅದನ್ನು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದರು. ಈ ಕಾಲದ ಯುರೋಪಿಕೋಲಾದಲ್ಲಿ ಎರಡು ಹೀಟರ್ ಇರುತ್ತವೆ, 200 ವಾಟ್ ಒಂದು, 800 ವಾಟ್ ಇನ್ನೊಂದು. ಕಡಿಮೆ ಸ್ವಿಚ್ ಹಾಕಿದರೆ ಚಿಕ್ಕದು ಮಾತ್ರ, ಜಾಸ್ತಿ ಹಾಕಿದರೆ ಎರಡೂ ಕೂಡಿ 1000 ವಾಟ್. ಲೆಕ್ಕ ಸುಲಭ. 220 ವೋಲ್ಟಿನ 200 ವಾಟ್ ಹೀಟರ್ ಅಂದರೆ 242 ಓಮ್ ತಡೆ. ಎರಡೂ ಸೇರಿದರೆ 48 ಓಮ್. ಪ್ಲಗ್ಗಿನ ಎರಡು ಪಿನ್ ನಡುವೆ ಮೀಟರ್ ಹಿಡಿದು, ಸ್ವಿಚ್ ಬದಲಿಸುತ್ತಾ ನೋಡಿದರೆ ಆ ಅಂಕಿಗಳ ಆಸುಪಾಸು ಬರಬೇಕು. ಬಂತು. ಆಮೇಲೆ ಪ್ಲಗ್ಗಿನ ಅರ್ಥ್ ಪಟ್ಟಿಯಿಂದ ಮಷೀನಿನ ಮೈಗೆ ಸೊನ್ನೆ ಓಮ್. ಅದೂ ಸರಿ ಇತ್ತು. ಅಂದರೆ ಹೀಟರ್ ಸುಟ್ಟಿಲ್ಲ, ಅರ್ಥಿಂಗ್ ತಂತಿ ಕಡಿದಿಲ್ಲ. ಇಷ್ಟು ತಿಳಿಯಲು ಕರೆಂಟೇ ಬೇಕಾಗಲಿಲ್ಲ ನೋಡಿ.

ಉಳಿದದ್ದು ಬೇಗ ಮುಗಿಯಿತು. ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಡೆದಿರಲಿಲ್ಲ. ಲಿವರ್ ಎತ್ತಿ ಇಳಿಸಿದರೆ ಪಿಸ್ಟನ್ ಬಿಗಿಯಾಗಿ, ಕಿರುಗುಡುತ್ತಾ ಚಲಿಸುತ್ತಿತ್ತು. ಸೀಲು ಒಣಗಿದೆ ಅಂತ ಅರ್ಥ. ಅದು ಬದಲಿಸುವ ವಸ್ತುವೇ. ತಟ್ಟೆಯ ಕ್ರೋಮ್ ಅಲ್ಲಲ್ಲಿ ಎದ್ದಿತ್ತು. ಅದಕ್ಕಾಗಿ ಬೆಲೆ ಇಳಿಸಿ ಕೇಳಿದ್ದು ಬಿಟ್ಟರೆ ನಾವು ತಲೆಕೆಡಿಸಿಕೊಳ್ಳಲಿಲ್ಲ.

ಮಿಲಾನೊದಲ್ಲಿ ಮಾಡಿದ ಕೆಲಸ

ಸೀಲಿನ ಸೆಟ್ಟನ್ನು ಭಾವ ಅಲ್ಲೇ ತರಿಸಿಕೊಂಡರು. ಬಾಯ್ಲರ್ ತೊಳೆಯುವ ಕೆಲಸವನ್ನೂ ಅಲ್ಲೇ ಮುಗಿಸಿದರು. ಮಿಲಾನೊದ ನಲ್ಲಿ ನೀರು ಅಂತರ್ಜಲ. ನಮ್ಮ ಬೋರ್‌ವೆಲ್ ನೀರಿನ ಹಾಗೆ ಗಡಸು. ಬಾಯ್ಲರ್ ಒಳಗೆ ಟಾರ್ಚ್ ಹಾಕಿ ನೋಡಿದರೆ ಹೀಟರಿನ ಮೇಲೆ ಬಿಳಿ ಪದರ ಕಟ್ಟಿತ್ತು. ಒಂದು ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ನಿಂಬೆ ಉಪ್ಪು, ಅರ್ಧ ಗಂಟೆ ನೆನೆಸಿ ಚೆಲ್ಲುವುದು, ಮತ್ತೆ ಹಾಕುವುದು. ಚೆಲ್ಲಿದ ನೀರು ತಿಳಿಯಾಗಿ ಬರುವವರೆಗೂ ಹೀಗೆ ಮಾಡಬೇಕು. ಕೊನೆಗೆ ಬರೀ ನೀರಿನಿಂದ ಹಲವು ಸಲ ತೊಳೆಯಬೇಕು. ಹಳೇ ಹಿತ್ತಾಳೆಯಲ್ಲಿ ಸ್ವಲ್ಪ ಸೀಸ ಇರುವುದುಂಟು, ಹುಳಿ ಅದನ್ನು ನೀರಿಗೆ ಬಿಡಿಸುತ್ತದೆ. ಅದಕ್ಕೇ ತೊಳೆಯುವ ವಿಷಯದಲ್ಲಿ ಜಿಪುಣತನ ಬೇಡ. ದಿನಾ ಬಳಸುವಾಗಲೂ ರಾತ್ರಿಯ ನೀರನ್ನು ಬಾಯ್ಲರ್‌ನಲ್ಲಿ ಉಳಿಸಬಾರದು.

ಗ್ರೂಪನ್ನು ಬಾಯ್ಲರ್‌ಗೆ ಹಿಡಿದಿರುವುದು ಎರಡು ಬೋಲ್ಟ್. ಲಿವರಿನ ಪಿನ್ನುಗಳಿಗೆ ಸಣ್ಣ ಕ್ಲಿಪ್ಪುಗಳು. ಬಿಚ್ಚುವ ಮುಂಚೆ ಪ್ರತಿ ಹಂತದ ಫೋಟೊ ತೆಗೆಯಿರಿ ಅಂತ ಭಾವನಿಗೆ ಹೇಳಿದ್ದೆ. ಅದು ಉಪಯೋಗಕ್ಕೆ ಬಂದದ್ದು ಪಿಸ್ಟನ್ ಸೀಲುಗಳಲ್ಲಿ. ಪಿಸ್ಟನ್ ಮೇಲೆ ಎರಡು ಸೀಲು ಇರುತ್ತವೆ, ಎರಡಕ್ಕೂ ತುಟಿಯಂಥ ಅಂಚು. ಒಂದರ ತುಟಿ ಒಂದು ಕಡೆಗೆ, ಇನ್ನೊಂದರದ್ದು ವಿರುದ್ಧ ದಿಕ್ಕಿಗೆ. ಎರಡನ್ನೂ ಒಂದೇ ದಿಕ್ಕಿಗೆ ಕೂರಿಸಿದರೆ ಒತ್ತಡ ನಿಲ್ಲುವುದಿಲ್ಲ. ಕೂರಿಸುವಾಗ ಆಹಾರಕ್ಕೆ ತಗುಲಬಹುದಾದ ಸಿಲಿಕೋನ್ ಗ್ರೀಸನ್ನೇ ಬಳಸಬೇಕು. ಅಡುಗೆ ಎಣ್ಣೆ ಕಾದು ಅಂಟಾಗುತ್ತದೆ, ಗಾಡಿಯ ಗ್ರೀಸನ್ನಂತೂ ಹತ್ತಿರ ತರಬಾರದು. ಇನ್ನೊಂದು ಎಚ್ಚರ: ತುಂಬಾ ಹಳೇ ಕಾಫಿ ಯಂತ್ರಗಳ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅನುಮಾನ ಬಂದರೆ ಒಣಗಿದ್ದನ್ನು ಕೆರೆಯಬೇಡಿ, ಸೂಕ್ಷ್ಮ ಧೂಳು ತಡೆಯುವ ಮಾಸ್ಕ್ ಹಾಕಿ, ನೀರು ಹಾಕಿ ನೆನೆಸಿ ತೆಗೆಯಿರಿ.

ಸೇಫ್ಟಿ ವಾಲ್ವ್ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಈ ಮಷೀನಿನಲ್ಲಿ ಒತ್ತಡ ನೋಡಿಕೊಂಡು ಹೀಟರ್ ಆರಿಸುವ ಸ್ವಿಚ್ ಇಲ್ಲ. ಜಾಸ್ತಿ ಸ್ವಿಚ್ಚಿನಲ್ಲಿ ಬಿಟ್ಟರೆ ಒತ್ತಡ ಏರುತ್ತಲೇ ಹೋಗುತ್ತದೆ. ಅದನ್ನು ತಡೆಯುವುದು ಆ ಒಂದು ವಾಲ್ವ್ ಮಾತ್ರ. ಅದರಲ್ಲಿ ಸುಣ್ಣ ಕಟ್ಟಿ ಹಿಡಿದುಕೊಂಡರೆ ಅಡುಗೆಮನೆಯಲ್ಲಿ ಮುಚ್ಚಿದ ಬಾಯ್ಲರ್ ಇಟ್ಟುಕೊಂಡಂತೆ. ಭಾವ ಅದನ್ನು ಬಿಚ್ಚಿ, ನಿಂಬೆ ಉಪ್ಪಿನಲ್ಲಿ ನೆನೆಸಿ, ಒಳಗಿನ ಸ್ಪ್ರಿಂಗ್ ಸಲೀಸಾಗಿ ಒತ್ತಿ ಬಿಡುತ್ತದೆಯೇ ಅಂತ ನೋಡಿ ಹಾಕಿದರು. ಯಾರೇ ಹಳೇ ಲಿವರ್ ಮಷೀನು ತಂದರೂ ಈ ಕೆಲಸ ಮಾಡದೆ ಕರೆಂಟ್ ಕೊಡಬಾರದು.

ಜೋಡಿಸಿದ ಮೇಲೆ ಒಂದೆರಡು ಸಲ ಕಾಯಿಸಿ ನೋಡಿದರು. ಸೋರಲಿಲ್ಲ. ಆಮೇಲೆ ಮಷೀನು ಮನೆ ಸಾಮಾನಿನ ಜೊತೆ ಹಡಗು ಹತ್ತಿತು.

ಬೆಂಗಳೂರಿನಲ್ಲಿ ಟ್ರಿಪ್ ಆದದ್ದು

ಸಾಮಾನು ಬಂದು ಸೇರಿದ್ದು ಮಳೆಗಾಲದಲ್ಲಿ. ಭಾವನಿಗೆ ತಡೆಯಲಾಗಲಿಲ್ಲ. ಪ್ರಯಾಣಕ್ಕೆ ಬಳಸುವ ಒಂದು ಅಡಾಪ್ಟರ್ ಸಿಕ್ಕಿಸಿ ಮಷೀನು ಹಾಕಿದರು. ಕಾಯಿತು. ಸಂಜೆ ಫೋನ್ ಮಾಡಿದಾಗ ಅಕ್ಕ ಹೇಳಿದ ಒಂದು ಮಾತು ನನ್ನ ಕಿವಿಗೆ ಬಿತ್ತು. "ಚೆನ್ನಾಗಿದೆ ಕಣೇ, ಆದ್ರೆ ಮುಟ್ಟಿದ್ರೆ ಸ್ವಲ್ಪ ಜುಮ್ ಅನ್ನುತ್ತೆ." ತಕ್ಷಣ ಪ್ಲಗ್ ಕಿತ್ತಿಡಲು ಹೇಳಿ ಮರುದಿನ ಹೋದೆ.

ಯುರೋಪಿನ ದುಂಡು ಪ್ಲಗ್ಗಿಗೆ ಅರ್ಥ್ ಸಿಗುವುದು ಅಂಚಿನ ಲೋಹದ ಪಟ್ಟಿಯಿಂದ. ನಮ್ಮಲ್ಲಿ ಸಿಗುವ ಎಷ್ಟೋ ಅಡಾಪ್ಟರುಗಳಲ್ಲಿ ಆ ಪಟ್ಟಿಗೆ ಸಂಪರ್ಕವೇ ಇರುವುದಿಲ್ಲ. ಎರಡು ಪಿನ್ ಹೊಂದಿಕೊಳ್ಳುತ್ತವೆ, ಮಷೀನು ಓಡುತ್ತದೆ, ಅರ್ಥ್ ಮಾತ್ರ ಗಾಳಿಯಲ್ಲಿ. ನಾನು ಹಳೇ ಪ್ಲಗ್ ಕತ್ತರಿಸಿ ನಮ್ಮ ಮೂರು ಪಿನ್ನಿನ ಪ್ಲಗ್ ಹಾಕಿದೆ. 1000 ವಾಟ್ ಅಂದರೆ ನಾಲ್ಕೂವರೆ ಆಂಪಿಯರ್ ಸುಮಾರು, 6 ಆಂಪಿಯರ್ ಪಾಯಿಂಟೇ ಸಾಕು. ಆದರೆ ಅಡುಗೆಮನೆಯ 16 ಆಂಪಿಯರ್ ಪಾಯಿಂಟಿನ ಅರ್ಥ್ ನಾನೇ ಅಳೆದು ನೋಡಿದ್ದೆ. ಅಲ್ಲಿಗೇ ಹಾಕಿದೆ. ಸ್ವಿಚ್ ಒತ್ತಿದ ಕೂಡಲೇ, ಕರೆಂಟು ಸೋರಿದರೆ ಲೈನ್ ಕಡಿಯುವ ರಕ್ಷಣಾ ಸ್ವಿಚ್ ಆದ ಆರ್‌ಸಿಸಿಬಿ ಟ್ರಿಪ್ ಆಗಿ ಮನೆಯೆಲ್ಲಾ ಕತ್ತಲೆ.

"ನಿನ್ನೆ ಸರಿಯಾಗಿತ್ತಲ್ಲಮ್ಮ. ನೀನು ಪ್ಲಗ್ ಬದಲಿಸಿದ್ಮೇಲೆ ಹೀಗಾಯ್ತು" ಅಂದರು ಭಾವ. ಬೇಸರವಾಗುವುದು ಸಹಜ. "ಮಹಡಿ ಮೇಲೆ ಹಳೇ ಲೈನಿದೆ, ಅದಕ್ಕೆ ಆರ್‌ಸಿಸಿಬಿ ಇಲ್ಲ. ಅಲ್ಲಿಗೆ ಹಾಕಿ ನೋಡೋಣ್ವಾ?"

"ಬೇಡ ಭಾವ. ನಿನ್ನೆಯೂ ಕರೆಂಟು ಸೋರ್ತಾನೇ ಇತ್ತು. ಅರ್ಥ್ ಇರಲಿಲ್ಲ, ಅದಕ್ಕೆ ಎಲ್ಲೂ ಹೋಗೋಕೆ ದಾರಿ ಇಲ್ಲದೆ ಮೈಮೇಲೆ ನಿಂತಿತ್ತು. ಅಕ್ಕನ ಕಾಲಲ್ಲಿ ಚಪ್ಪಲಿ ಇತ್ತು, ಉಳಿದಳು. ಇವತ್ತು ದಾರಿ ಸಿಕ್ಕಿದೆ, ಸ್ವಿಚ್ ಅದನ್ನ ಹಿಡಿದಿದೆ."

ಇದನ್ನು ಸ್ವಲ್ಪ ವಿವರಿಸುತ್ತೇನೆ, ಯಾಕೆಂದರೆ ಹೊರದೇಶದಿಂದ ಹಳೇ ಕಾಫಿ ಮಷೀನು ತರುವ ಯಾರಿಗಾದರೂ ಇದು ಎದುರಾಗಬಹುದು. ಮನೆಯ ಆರ್‌ಸಿಸಿಬಿ 30 ಮಿಲಿ ಆಂಪಿಯರಿನದ್ದು. 230 ವೋಲ್ಟಿಗೆ ಅಷ್ಟು ಕರೆಂಟು ಸೋರಬೇಕಾದರೆ ಹೀಟರಿನ ತಂತಿಗೂ ಅದರ ಲೋಹದ ಕವಚಕ್ಕೂ ನಡುವಿನ ತಡೆ ಏಳೆಂಟು ಕಿಲೋ ಓಮಿಗೆ ಇಳಿದಿರಬೇಕು. ಒಳ್ಳೆಯ ಹೀಟರಿನಲ್ಲಿ ಅದು ಮೆಗಾ ಓಮ್‌ಗಳಲ್ಲಿ ಇರುತ್ತದೆ. ಸಂತೆಯಲ್ಲಿ ನಾವು ನೋಡಿದ ಓಮುಗಳಿಗೂ ಇದಕ್ಕೂ ಸಂಬಂಧವಿಲ್ಲ. ಅವು ತಂತಿ ಕಡಿದಿಲ್ಲ ಅಂತ ಹೇಳುತ್ತವೆ, ಸೋರುತ್ತಿಲ್ಲ ಅಂತ ಹೇಳುವುದಿಲ್ಲ.

ಹೀಟರಿನ ಕೊಳವೆಯೊಳಗೆ ತಂತಿಯ ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಬಿಸಿ ಸಾಗಿಸುತ್ತದೆ, ಕರೆಂಟು ತಡೆಯುತ್ತದೆ. ಅದಕ್ಕೆ ಒಂದು ದುರ್ಬಲತೆ ಇದೆ, ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಹೀಟರಿನ ತುದಿಗಳಲ್ಲಿ ಮುಚ್ಚಳದಂಥ ಸೀಲು ಗಟ್ಟಿಯಾಗಿರುತ್ತದೆ. ನಲವತ್ತು ವರ್ಷದ್ದರಲ್ಲಿ ಅದು ಬಿರುಕು ಬಿಟ್ಟಿರುತ್ತದೆ. ಹಡಗಿನ ಪ್ರಯಾಣ, ಬಂದರಿನ ಗೋದಾಮು, ಮೇಲೆ ಇಲ್ಲಿಯ ಮಳೆ. ಪುಡಿ ತೇವ ಕುಡಿದಿತ್ತು. ಕಾರ್ಖಾನೆಯಲ್ಲಿ ವಾಟರ್ ಹೀಟರುಗಳು ಬಹಳ ಕಾಲ ಸುಮ್ಮನಿದ್ದು ಮತ್ತೆ ಶುರುವಾದಾಗ ನಾನು ಇದನ್ನೇ ನೋಡಿದ್ದೇನೆ.

ತಳದ ಮುಚ್ಚಳ ತೆಗೆದು, ಎರಡು ಹೀಟರಿನ ತಂತಿಗಳನ್ನು ಬೇರೆ ಮಾಡಿ, ಒಂದೊಂದಾಗಿ 500 ವೋಲ್ಟಿನ ಮೆಗ್ಗರ್ (ಕರೆಂಟು ಸೋರದಂತೆ ಇರುವ ತಡೆಯನ್ನು ಅಳೆಯುವ ಮೀಟರ್) ಹಿಡಿದೆ. 200 ವಾಟಿನದ್ದು ಚೆನ್ನಾಗಿತ್ತು. 800 ವಾಟಿನದ್ದರ ತಡೆ ತೀರಾ ಕೆಳಗಿಳಿದಿತ್ತು. ಹೀಟರನ್ನೇ ಬಿಚ್ಚಿ ಓವನ್‌ನಲ್ಲಿ ಒಣಗಿಸುವ ಪದ್ಧತಿ ಇದೆ. ಆದರೆ ಇದನ್ನು ಬಿಚ್ಚಲು ದೊಡ್ಡ ಸ್ಪ್ಯಾನರ್ ಬೇಕು, ಹಳೇ ಹಿತ್ತಾಳೆಯ ತಿರುಪಿನ ಎಳೆಗಳಿಗೆ ಪೆಟ್ಟಾದರೆ ಬಾಯ್ಲರೇ ಹೋಗುತ್ತದೆ. ಅದಕ್ಕೆ ಬೇರೆ ದಾರಿ ಹಿಡಿದೆವು. ಪ್ಲಗ್ ಕಿತ್ತಿಟ್ಟು, ಕೆಟಲಿನಲ್ಲಿ ಕುದಿಸಿದ ನೀರನ್ನು ಬಾಯ್ಲರ್‌ಗೆ ತುಂಬುವುದು. ಹೀಟರಿನ ಮೈ ಒಳಗಿನಿಂದ ಬಿಸಿಯಾಗುತ್ತದೆ. ಹೊರಗಡೆ ಕೂದಲು ಒಣಗಿಸುವ ಡ್ರೈಯರಿನಿಂದ ಟರ್ಮಿನಲ್ಲುಗಳ ಹತ್ತಿರ ಬೆಚ್ಚನೆ ಗಾಳಿ. ನೀರು ಆರಿದರೆ ಚೆಲ್ಲಿ ಮತ್ತೆ ಬಿಸಿನೀರು. ಆಗಾಗ ಮೆಗ್ಗರ್ ಹಿಡಿದು ನೋಡುವುದು. ಮೊದಲು ಏನೂ ಬದಲಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಳ್ಳು ನಿಧಾನವಾಗಿ ಏಳತೊಡಗಿತು. ಸಂಜೆಗೆ ಒಂದು ಮೆಗಾ ಓಮ್ ದಾಟಿತು. ಆಮೇಲೆ ತಂತಿ ಜೋಡಿಸಿ ಕರೆಂಟ್ ಕೊಟ್ಟೆವು. ಟ್ರಿಪ್ ಆಗಲಿಲ್ಲ. ಹೀಟರ್ ತಾನೇ ಕಾದ ಮೇಲೆ ಉಳಿದ ತೇವವೂ ಹೋಯಿತು, ವಾರದ ನಂತರ ಅಳೆದಾಗ ಇನ್ನೂ ಚೆನ್ನಾಗಿತ್ತು. ಮೆಗ್ಗರ್ ಇಲ್ಲದವರು ಇದನ್ನು ಮನೆಯಲ್ಲಿ ಊಹೆಯ ಮೇಲೆ ಮಾಡಬಾರದು. ಮೋಟಾರ್ ರಿವೈಂಡಿಂಗ್ ಮಾಡುವ ಅಂಗಡಿಯವರ ಹತ್ತಿರ ಮೆಗ್ಗರ್ ಇರುತ್ತದೆ, ಅವರಲ್ಲಿಗೆ ತೆಗೆದುಕೊಂಡು ಹೋಗಿ.

ಬಿಸಿಯ ಲೆಕ್ಕ

ಕರೆಂಟು ಸರಿಹೋದ ಮೇಲೆ ಉಳಿದದ್ದು ಬಿಸಿ. ಯುರೋಪಿಕೋಲಾದಲ್ಲಿ ಒತ್ತಡದ ಮೀಟರ್ ಇರುವುದಿಲ್ಲ. ದೊಡ್ಡ ಬಾಯ್ಲರಿನ ಪ್ರೊಫೆಷನಲ್ ಮಾದರಿಯಲ್ಲಿ ಇರುತ್ತದೆ. ಗಾಜಿನ ಕೊಳವೆಯ ಮೇಲ್ತುದಿಗೆ ಕೂರಿಸುವ ಮೀಟರಿನ ಕಿಟ್ ಸಿಗುತ್ತದೆ, ಭಾವ ಅದನ್ನು ಮೊದಲೇ ತಂದಿದ್ದರು. ಹಾಕಿದೆವು. ನನ್ನ ಮಾತು ಕೇಳುವುದಾದರೆ, ಹಳೇ ಯುರೋಪಿಕೋಲಾ ತಂದವರು ಅಲಂಕಾರದ ಮರದ ಹಿಡಿಕೆಗಿಂತ ಮೊದಲು ಈ ಮೀಟರಿಗೆ ದುಡ್ಡು ಹಾಕಬೇಕು.

ಮೀಟರ್ ಒಂದು ಕಡೆ ತಪ್ಪು ದಾರಿಗೂ ಎಳೆಯುತ್ತದೆ. ತಣ್ಣನೆ ಬಾಯ್ಲರಿನಲ್ಲಿ ನೀರಿನ ಮೇಲೆ ಗಾಳಿ ಇರುತ್ತದೆ. ಕಾಯುವಾಗ ಆ ಗಾಳಿಯೂ ಒತ್ತುತ್ತದೆ. ಮುಳ್ಳು 0.8 ತೋರಿಸುತ್ತದೆ, ನೀರು ಇನ್ನೂ ಅಷ್ಟು ಕಾದಿರುವುದಿಲ್ಲ. ಅದಕ್ಕೇ ಒತ್ತಡ ಏರಿದ ಮೇಲೆ ಹಬೆಯ ನಲ್ಲಿಯನ್ನು ಕೆಲವು ಸೆಕೆಂಡ್ ತೆರೆದು ಗಾಳಿ ಹೊರಗೆ ಬಿಡಬೇಕು. ಮುಳ್ಳು ಕೆಳಗಿಳಿದು ಮತ್ತೆ ಏರುತ್ತದೆ. ಎರಡನೇ ಸಲ ತೋರಿಸಿದ್ದೇ ನಿಜವಾದ ಒತ್ತಡ. ಆಗ ಕಡಿಮೆ ಸ್ವಿಚ್ಚಿಗೆ ಇಳಿಸಬೇಕು.

ಇಲ್ಲಿ ಬೆಂಗಳೂರಿನದ್ದೇ ಒಂದು ವಿಶೇಷವಿದೆ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಮಿಲಾನೊ 120ರ ಸುಮಾರು. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಗೆ. ಮೀಟರ್ ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಜಾಸ್ತಿ ಅಂತ. ಹಾಗಾಗಿ ಅದೇ 0.8 ಬಾರ್‌ಗೆ ಮಿಲಾನೊದಲ್ಲಿ ನೀರು 116 ದಾಟಿದರೆ ಇಲ್ಲಿ 115ರ ಆಸುಪಾಸು. ಒಂದೂವರೆ ಡಿಗ್ರಿ ವ್ಯತ್ಯಾಸ. ದೊಡ್ಡದೇನಲ್ಲ. ಆದರೆ ಮಿತಿಮೀರಿ ಕಾಯುವುದೇ ಈ ಮಷೀನಿನ ಕಾಯಿಲೆ ಆಗಿರುವಾಗ, ವ್ಯತ್ಯಾಸ ನಮಗೆ ಬೇಕಾದ ಕಡೆಗೇ ಇದೆ ಅಲ್ವಾ!

ಗ್ರೂಪಿನ ಬಿಸಿ ಅಳೆಯಲು ದೂರದಿಂದ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಡ. ಹೊಳೆಯುವ ಕ್ರೋಮಿನ ಮೇಲೆ ಅದು ತುಂಬಾ ಕಡಿಮೆ ತೋರಿಸುತ್ತದೆ. ಮಲ್ಟಿಮೀಟರಿನ ಜೊತೆ ಬರುವ, ಬಿಸಿ ಅಳೆಯುವ ಥರ್ಮೋಕಪಲ್ ತಂತಿಯನ್ನು ಶಾಖ ತಡೆಯುವ ಟೇಪಿನಿಂದ ಗ್ರೂಪಿಗೆ ಅಂಟಿಸಿದೆವು. ಚಿತ್ರ ಸ್ಪಷ್ಟವಾಯಿತು. ಹೊರಮೈ 80ರಿಂದ 85 ಡಿಗ್ರಿ ಇರುವಾಗ ತೆಗೆದ ಕಾಫಿ ಅತಿ ರುಚಿ. ಅದಾದ ತಕ್ಷಣ ತೆಗೆದ ಎರಡನೆಯದರ ಹೊತ್ತಿಗೆ 90. ಮೂರನೆಯದಕ್ಕೆ 95 ದಾಟಿ, ಕಪ್ಪಿನಲ್ಲಿ ಸುಟ್ಟ ಕಹಿ. ಪುಡಿ ಅದೇ, ತೂಕ ಅದೇ, ಕೈ ಅದೇ. ಗ್ರೈಂಡರ್ ತಿರುಗಿಸಿ ಇದನ್ನು ಸರಿಮಾಡಲು ಹೊರಟರೆ ಎಂದಿಗೂ ಆಗುವುದಿಲ್ಲ. ಒದ್ದೆ ಬಟ್ಟೆಯನ್ನು ಗ್ರೂಪಿಗೆ ಸುತ್ತಿ ಸ್ವಲ್ಪ ಹೊತ್ತು ಹಿಡಿದರೆ ಹತ್ತು ಡಿಗ್ರಿ ಇಳಿಯುತ್ತದೆ. ಇಲ್ಲವೇ ನಡುವೆ ಹಾಲಿಗೆ ಹಬೆ ಕೊಟ್ಟರೆ ಬಾಯ್ಲರಿನ ಒತ್ತಡವೂ ಇಳಿದು ಗ್ರೂಪಿಗೂ ಬಿಡುವು ಸಿಗುತ್ತದೆ. ಈಗ ಅವರ ಮನೆಯ ಕ್ರಮ ಇದು: ಮೊದಲು ಭಾವನ ಬರೀ ಎಸ್ಪ್ರೆಸೊ, ಆಮೇಲೆ ಅಕ್ಕನ ಹಾಲಿಗೆ ಹಬೆ, ಆಮೇಲೆ ಅಕ್ಕನ ಕಾಫಿ. ನೆಂಟರು ಬಂದ ದಿನ ಮಷೀನು ಆರಿಸಿ ಫಿಲ್ಟರ್ ಇಡುತ್ತಾರೆ. 0.8 ಲೀಟರಿನ ಬಾಯ್ಲರ್‌ನಿಂದ ಎಂಟು ಜನಕ್ಕೆ ಕಾಫಿ ನಿರೀಕ್ಷಿಸಬಾರದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನಡುವೆ ನೀರು ಮುಗಿದರೆ ಮುಚ್ಚಳ ತಿರುಗಿಸಬಾರದು. ಸ್ವಿಚ್ ಆರಿಸಿ, ಹಬೆಯ ನಲ್ಲಿಯಿಂದ ಒತ್ತಡವೆಲ್ಲ ಹೋಗಿ ಸದ್ದು ನಿಂತ ಮೇಲೆ, ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ತೆರೆಯಬೇಕು. ಗಾಜಿನಲ್ಲಿ ನೀರು ಕಾಣದಿದ್ದರೆ ಹೀಟರ್ ಹಾಕಲೇಬಾರದು. ನೀರಿಲ್ಲದೆ ಕಾದ ಹೀಟರ್ ನಿಮಿಷಗಳಲ್ಲಿ ಹೋಗುತ್ತದೆ.

ನೀರು, ಹಾಲು, ಪುಡಿ

ಅವರ ಅಪಾರ್ಟ್‌ಮೆಂಟಿಗೆ ಕಾವೇರಿ ನೀರು ಬರುತ್ತದೆ, ಸಾಲದಿದ್ದಾಗ ಬೋರ್‌ವೆಲ್ಲಿನದ್ದು ಬೆರೆಯುತ್ತದೆ. ಇವತ್ತಿನ ನೀರು ನಾಳೆಯದಲ್ಲ. ಬೋರ್‌ವೆಲ್ ನೀರು ಬಾಯ್ಲರಿಗೆ ಹಾಕಿದರೆ ಮತ್ತೆ ಸುಣ್ಣ. ಬರೀ ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆ, ಹಿತ್ತಾಳೆಗೂ ಅಷ್ಟು ಒಳ್ಳೆಯದಲ್ಲ. ಆರ್‌ಒ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಮೀಟರಿನಲ್ಲಿ ನೂರರ ಆಸುಪಾಸು ಬರುವಂತೆ ನೋಡಿಕೊಳ್ಳುತ್ತಾರೆ.

ಹಾಲಿನಲ್ಲಿ ಒಂದು ಸಣ್ಣ ತೊಡಕು ಬಂತು. ನಮ್ಮ ಮನೆಗಳಲ್ಲಿ ಹಾಲು ಕಾಯಿಸಿಯೇ ಇಡುವುದು. ಕಾಯಿಸಿ ಆರಿಸಿದ ಹಾಲಿನ ಕೆನೆ ಹಬೆಯ ಕೊಳವೆಯ ತೂತಿಗೆ ಸಿಕ್ಕಿಕೊಳ್ಳುತ್ತಿತ್ತು. ಸೋಸಿ, ಫ್ರಿಜ್ಜಿನಲ್ಲಿ ಚೆನ್ನಾಗಿ ತಣ್ಣಗಾದ ಹಾಲನ್ನು ಬಳಸಿದ ಮೇಲೆ ನೊರೆ ಚೆನ್ನಾಗಿ ಬಂತು. ಹಬೆ ಕೊಟ್ಟ ಕೂಡಲೇ ಕೊಳವೆ ಒರೆಸಿ ಒಂದು ಕ್ಷಣ ಹಬೆ ಊದಿಸಬೇಕು. ಇಲ್ಲದಿದ್ದರೆ ಹಾಲು ಒಳಗೇ ಒಣಗುತ್ತದೆ.

ಪುಡಿಯ ವಿಷಯದಲ್ಲಿ ಬೆಂಗಳೂರಿನವರು ಒಂದು ಅಭ್ಯಾಸ ಬಿಡಬೇಕು. ಕಾಫಿ ಪುಡಿ ಅಂಗಡಿಯ ಫಿಲ್ಟರ್ ಪುಡಿ ಇಲ್ಲಿ ನಡೆಯುವುದಿಲ್ಲ. ಅದು ಎಸ್ಪ್ರೆಸೊಗೆ ದಪ್ಪವಾಯಿತು, ಲಿವರ್ ತಡೆಯಿಲ್ಲದೆ ಇಳಿದುಬಿಡುತ್ತದೆ. ಚಿಕೋರಿ ಇದ್ದರಂತೂ ಅದು ನೀರು ಕುಡಿದು ಅಂಟಾಗಿ ಬಾಸ್ಕೆಟಿಗೆ ಹಿಡಿಯುತ್ತದೆ. ಬೀಜವನ್ನೇ ತಂದು ಆಗಿಂದಾಗ್ಗೆ ಬೀಸಬೇಕು. ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್‌ಗೆ ಮಷೀನಿನ ಅರ್ಧ ಬೆಲೆ ಬಿತ್ತು. ಅದರಲ್ಲಿ ಉಳಿಸಲು ಹೋಗದಿದ್ದದ್ದು ಸರಿಯಾದ ತೀರ್ಮಾನ.

ಬೀಜಕ್ಕೆ ಬರಗಾಲವಿಲ್ಲ. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವ ರಾಜ್ಯ ನಮ್ಮದು. ಭಾರತದ ಕಾಫಿ ಅತಿ ಹೆಚ್ಚು ಹೋಗುವ ದೇಶ ಇಟಲಿ. ನಮ್ಮ ರೊಬಸ್ಟಾ ಅಲ್ಲಿಯ ಎಸ್ಪ್ರೆಸೊ ಮಿಶ್ರಣಗಳಲ್ಲಿ ಗಟ್ಟಿತನಕ್ಕೆ, ಕ್ರೆಮಾಗೆ ಸೇರುತ್ತದೆ. ಭಾವ ಮಿಲಾನೊದ ಬಾರುಗಳಲ್ಲಿ ಕುಡಿಯುತ್ತಿದ್ದ ಕಪ್ಪಿನಲ್ಲೂ ಕೊಡಗು, ಚಿಕ್ಕಮಗಳೂರಿನ ಬೀಜ ಇದ್ದಿರಬಹುದು. ಇಲ್ಲಿ ಅವರು ಮೂರು ಪಾಲು ಪೀಬೆರಿ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆದ ದುಂಡು ಬೀಜ) ಅರೇಬಿಕಾಗೆ ಒಂದು ಪಾಲು ತೊಳೆದು ಒಣಗಿಸಿದ ರೊಬಸ್ಟಾ ಬೆರೆಸುತ್ತಾರೆ. ಹುರಿದು ಒಂದು ವಾರವಾದ ಬೀಜ. 14 ಗ್ರಾಂ ಪುಡಿಗೆ 25ರಿಂದ 28 ಗ್ರಾಂ ಕಾಫಿ. ಲಿವರ್ ಎತ್ತಿ ಎಂಟು ಸೆಕೆಂಡು ಪುಡಿ ನೆನೆಯಲು ಬಿಟ್ಟು, ಆಮೇಲೆ ಇಪ್ಪತ್ತೈದು ಸೆಕೆಂಡಿನಲ್ಲಿ ಒತ್ತುವುದು. ಮೊದಲು ಗಟ್ಟಿಯಾಗಿ, ಕೊನೆಗೆ ಕೈ ಸಡಿಲಿಸುತ್ತಾ. ಇನ್ನೊಂದು ಕೈಯಲ್ಲಿ ಮಷೀನಿನ ತಳ ಹಿಡಿದುಕೊಳ್ಳಬೇಕು, ಐದೂವರೆ ಕಿಲೋದ ಯಂತ್ರ ಮುಂದಕ್ಕೆ ವಾಲುತ್ತದೆ. ಅರ್ಧ ದಾರಿಯಲ್ಲಿ ಲಿವರಿನಿಂದ ಕೈ ಬಿಡಬಾರದು, ಅದು ರಭಸದಿಂದ ಮೇಲೇಳುತ್ತದೆ. ಒತ್ತಿದ ತಕ್ಷಣ ಪೋರ್ಟಾಫಿಲ್ಟರ್ ಬಿಚ್ಚಿದರೂ ಪುಡಿ ಎರಚುತ್ತದೆ, ಅರ್ಧ ನಿಮಿಷ ಕಾಯಬೇಕು.

ಇನ್ನು ಬಾಕಿ ಇರುವುದು ಆ 800 ವಾಟಿನ ಹೀಟರ್. ಅದು ಸದ್ಯಕ್ಕೆ ಚೇತರಿಸಿಕೊಂಡಿದೆ, ತುದಿಯ ಬಿರುಕು ಮಾತ್ರ ಹಾಗೇ ಇದೆ. ದಿನಾ ಕಾಯುತ್ತಿದ್ದರೆ ತೇವ ನಿಲ್ಲುವುದಿಲ್ಲ. ಮನೆಯವರು ತಿಂಗಳುಗಟ್ಟಲೆ ಊರಿಗೆ ಹೋದರೆ ಮತ್ತೆ ಅದೇ ಕಥೆ. ಅದಕ್ಕೇ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಪ್ರತಿ ಮಳೆಗಾಲದ ಶುರುವಿನಲ್ಲಿ ನಾನು ಮೆಗ್ಗರ್ ತರುತ್ತೇನೆ. ಒಂದು ಮೆಗಾ ಓಮಿಗಿಂತ ಕೆಳಗಿದ್ದರೆ ಮತ್ತೆ ಒಣಗಿಸುವುದಿಲ್ಲ, 1983ರ ಮಾದರಿಗೆ ಹೊಂದುವ ಹೊಸ ಹೀಟರ್ ತರಿಸಿ, ಸರಿಯಾದ ಸ್ಪ್ಯಾನರ್ ಇರುವವರ ಕೈಯಲ್ಲೇ ಹಾಕಿಸುತ್ತೇವೆ. ಅದರ ದುಡ್ಡನ್ನು ಭಾವ ಈಗಲೇ ಎತ್ತಿಟ್ಟಿದ್ದಾರೆ.